ಗಾಡಿ ಬಿಡು

ಕೋಪ ಬಂದರೆ ನನ್ನ ಬಾಯಿಗೆ ಬೀಗವಿಲ್ಲ ಎಂದು ಊರಿಗೆಲ್ಲ ಗೊತ್ತು. ನೂಲಿನ ವ್ಯಾಪಾರಿ ತೂಕದಲ್ಲಿ ಮೋಸ ಮಾಡಿದರೆ ಅವನ ಅಂಗಡಿಯ ಮುಂದೆಯೇ ನಿಂತು ಮಾನ ಹರಾಜು ಹಾಕಿ ಬರುವವಳು ಈ ರಾಮಾಯಿ. ಅಂಥವಳ ನಾಲಿಗೆ ಆಸ್ಪತ್ರೆಯ ವರಾಂಡದಲ್ಲಿ ಅಂಗುಳಕ್ಕೆ ಅಂಟಿಕೊಂಡುಬಿಟ್ಟಿತು. ಎದುರಿಗೆ ರೈಲ್ವೆಯಿಂದ ವಿಚಾರಣೆಗೆ ಬಂದ ತಂಗವೇಲು ಸಾರ್ ಕೂತಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ. ನಾನು ಹೌದು ಅಂದರೆ ಗೇಟಿನ ಶರಣಮ್ಮನ ನೌಕರಿ ಹೋಗುತ್ತದೆ. ಇಲ್ಲ ಅಂದರೆ ಒಳಗೆ ಮಂಚದ ಮೇಲೆ ಮಲಗಿರುವ ನನ್ನ ಮಗ ನವನೀತನ ಮೇಲೆ ಕೇಸು ಬೀಳುತ್ತದೆ.

ಪ್ರಶ್ನೆ ಏನೆಂದು ತಿಳಿಯಬೇಕಾದರೆ ಶರಣಮ್ಮ ಯಾರೆಂದು ಮೊದಲು ತಿಳಿಯಬೇಕು.

ನಮ್ಮೂರಿನಿಂದ ಉಡುಮಲೈಪೇಟೆಗೆ ಹೋಗುವ ದಾರಿಯಲ್ಲಿ ಒಂದು ರೈಲ್ವೆ ಗೇಟಿದೆ. ಸಿಗ್ನಲ್ಲಿಗೆ ಜೋಡಿಸಿದ ಗೇಟಲ್ಲ ಅದು. ಸ್ಟೇಷನ್ನಿನಿಂದ ಫೋನ್ ಬಂದ ಕೂಡಲೇ ಗೇಟಿನವರು ಸೈರನ್ ಕೂಗಿಸಿ, ಚಕ್ರ ತಿರುಗಿಸಿ, ರಸ್ತೆಯ ಎರಡೂ ಕಡೆಯ ಕಂಬಗಳನ್ನು ಇಳಿಸಬೇಕು. ಇವರು ಇಳಿಸಲಿ, ಇಳಿಸದಿರಲಿ, ರೈಲು ಮಾತ್ರ ಬಂದೇ ಬರುತ್ತದೆ. ಅಲ್ಲಿಗೆ ಶರಣಮ್ಮನನ್ನು ಹಾಕಿದ್ದರು. ಕೊಪ್ಪಳದ ಕಡೆಯವಳು, ಪರೀಕ್ಷೆ ಬರೆದು ನೌಕರಿ ಹಿಡಿದವಳು. ತಮಿಳು ಎಂದರೆ ಅವಳಿಗೆ ಬರುತ್ತಿದ್ದದ್ದು ‘ವಾಂಗ’, ‘ಪೋಂಗ’, ಅಂದರೆ ಬನ್ನಿ, ಹೋಗಿ, ಅಷ್ಟೆ. ಲಾರಿ ಡ್ರೈವರುಗಳು ಅವಳ ಮಾತನ್ನು ಅಣಕಿಸಿ ನಗುತ್ತಿದ್ದರು.

ಒಂದು ದಿನ ಗೇಟು ಹಾಕಿತ್ತು. ನವನೀತ ಬೆಲ್ಟ್ ಹಾಕಿಕೊಂಡಿಲ್ಲವೆಂದು ನಾನು ಗಾಡಿಯೊಳಗೆ ಕೂತು ಅವನಿಗೆ ಸಹಸ್ರನಾಮ ಮಾಡುತ್ತಿದ್ದೆ. ಮನೆಯಲ್ಲಿ ಆಡುವ ಕನ್ನಡದಲ್ಲೇ. ಗೇಟಿನ ಗೂಡಿನಿಂದ ಈ ಹೆಂಗಸು ಓಡಿ ಬಂದಳು.

“ಅಕ್ಕಾರ, ನೀವು ಕನ್ನಡದಾವ್ರೇನ್ರಿ?”

“ಹೌದು ಕಣ್ಣು. ನಾವು ದೇವಾಂಗರು, ಮಗ್ಗದವ್ರು. ತಾತನ ತಾತನ ಕಾಲದಿಂದ ಇಲ್ಲೇ ಇದೀವಿ. ಮನೇಲಿ ಪೂರಾ ಕನ್ನಡಾನೇ.”

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಅಯ್ಯೋ ಪಾಪ ಅನ್ನಿಸಿತು ನನಗೆ, ಬಾಯಿ ಬಿಟ್ಟು ಮಾತಾಡಲು ಒಂದು ಜೀವವಿಲ್ಲದೆ ಈ ಹೆಣ್ಣು ಇಲ್ಲಿ ಹೇಗೆ ಕಾಲ ಹಾಕಿತೋ ಎಂದು. ಆಮೇಲೆ ಗೇಟು ಹಾಕಿದಾಗಲೆಲ್ಲ ನಾನು ಇಳಿದು ಅವಳ ಗೂಡಿನ ಹತ್ತಿರ ಹೋಗುತ್ತಿದ್ದೆ. ನಾನು ಕರಿಬೇವು, ತೆಂಗಿನಕಾಯಿ ಕೊಟ್ಟರೆ ಅವಳು ಶೇಂಗಾ ಚಟ್ನಿಪುಡಿ ಕಟ್ಟಿಕೊಡುತ್ತಿದ್ದಳು. ನಿಮ್ಮ ಕನ್ನಡದಾಗ ಅರ್ಧಾ ತಮಿಳೇ ಐತಿ ಎಂದು ಅವಳು ನಗುವುದು, ನೀನು ಮಾತಾಡಿದ್ರೆ ಜಗಳಕ್ಕೆ ಬಂದ ಹಾಗಿರುತ್ತೆ ಎಂದು ನಾನು ರೇಗಿಸುವುದು.

ಹಾಗೇ ಒಮ್ಮೆ ನಾನು ಮಗನನ್ನು ಹೊಗಳಿಕೊಂಡೆ. “ನನ್ ಮಗ ಮೀಸೆ ಬರೋಕ್ ಮುಂಚೇನೇ ಗಾಡಿ ಬಿಡೋಕೆ ಕಲ್ತ, ಕಣ್ಣು.”

ಶರಣಮ್ಮ ಹುಬ್ಬೇರಿಸಿದಳು. “ಗಾಡಿ ಬಿಡೂದು ಏನ್ ಕಲೀಬೇಕ್ರಿ ಅಕ್ಕಾರ? ಇಳದು ಹ್ವಾದ್ರ ಆತಲ್ಲ!”

ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಮಿಳಿನವರು ‘ವಂಡಿ ವಿಡು’ ಅನ್ನುವ ಹಾಗೆ ನಮ್ಮ ಮನೆಯಲ್ಲಿ ಗಾಡಿ ಬಿಡುವುದೆಂದರೆ ಗಾಡಿ ಓಡಿಸುವುದು. ಅವಳ ಊರಿನಲ್ಲಿ ಗಾಡಿ ಬಿಡುವುದೆಂದರೆ ಅದನ್ನು ಅಲ್ಲೇ ಬಿಟ್ಟು ಹೋಗುವುದು.

“ನಾವು ಗಾಡಿ ಹೊಡೀತೀವ್ರಿ,” ಎಂದಳು ಅವಳು.

“ಯಾಕಮ್ಮ ಹೊಡೀಬೇಕು? ಪಾಪ, ಅದೇನು ತಪ್ಪು ಮಾಡ್ತು?” ಎಂದೆ ನಾನು.

ನವನೀತ ಆಗ ಗಾಡಿಯಲ್ಲೇ ಕೂತು ಫೋನ್ ನೋಡುತ್ತಿದ್ದ. ಆ ನಗೆಯಲ್ಲಿ ಅವನಿರಲಿಲ್ಲ. ಮನೆಗೆ ಬಂದು ಹೇಳೋಣವೆಂದುಕೊಂಡೆ, ಮರೆತೆ.

ಅದಾಗಿ ಆಡಿ ತಿಂಗಳು, ಅಂದರೆ ಆಷಾಢ, ಬಂತು. ಆಡಿಯಲ್ಲಿ ನಮ್ಮ ಕಡೆ ಬೀಸುವ ಗಾಳಿಯನ್ನು ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ. ಒಗೆದು ಹಾಕಿದ ಸೀರೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಹೊಲಗಳ ನಡುವಿನ ಗಾಳಿಯಂತ್ರಗಳು ಹಗಲೂ ರಾತ್ರಿ ಭರ್ರೋ ಎನ್ನುತ್ತವೆ. ಅವತ್ತು ಮಧ್ಯಾಹ್ನ ನಾನೂ ನವನೀತನೂ ನಮ್ಮ ಕುಟ್ಟಿಯಾನೆಯಲ್ಲಿ ನೂಲಿನ ಮೂಟೆ ಹೇರಿಕೊಂಡು ಬರುತ್ತಿದ್ದೆವು. ಆ ಪುಟ್ಟ ಸಾಮಾನು ಗಾಡಿಗೆ ಇಲ್ಲಿ ಎಲ್ಲರೂ ಹೇಳುವ ಹೆಸರು ಅದೇ, ಮರಿ ಆನೆ ಎಂದು. ಹಿಂದುಗಡೆ ಮೂಟೆಗಳು ಚಾವಣಿಗಿಂತ ಎತ್ತರಕ್ಕಿದ್ದವು. ಅವನ ಬೆಲ್ಟನ್ನು ನಾನೇ ಬೈದು ಹಾಕಿಸಿದ್ದೆ.

ಗೇಟಿನ ಹತ್ತಿರ ಬಂದಾಗ ಸೈರನ್ ಕೂಗತೊಡಗಿತು. ಸೈರನ್ ಕೂಗಿದರೆ ನಿಲ್ಲಬೇಕೆಂದು ಸರ್ಕಾರದ ಲೆಕ್ಕ. ಬೇಗ ನುಗ್ಗಬೇಕೆಂದು ನಮ್ಮ ಜನರ ಲೆಕ್ಕ. ಮುಂದಿದ್ದ ಮೋಟಾರ್‌ಸೈಕಲ್ಲಿನವನು ನುಗ್ಗಿದ.

“ಇರುಡಾ,” ಎಂದೆ.

“ಒಂದ್ ನಿಮಿಷ ಅವ್ವ, ಆಚೆ ಹೋಗ್ಬಿಡೋಣ,” ಎಂದು ಇವನೂ ನುಗ್ಗಿಸಿದ.

ಮೋಟಾರ್‌ಸೈಕಲ್ಲಿನವನು ತಲೆ ಬಗ್ಗಿಸಿ ದಾಟಿಕೊಂಡ. ನಮ್ಮ ಮೂತಿಯ ಮುಂದೆ ಕಂಬ ಇಳಿದುಬಿಟ್ಟಿತು. ನವನೀತ ಗಕ್ಕನೆ ಬ್ರೇಕ್ ಒತ್ತಿದ. ಎಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು. ಹಿಂದಿನ ಕಂಬವೂ ಇಳಿಯಿತು. ನಡುವೆ ನಾವು, ಗಾಡಿಯ ಹೊಟ್ಟೆಯ ಕೆಳಗೆ ರೈಲಿನ ಹಳಿ.

ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಬಾಗಿಲು ತೆಗೆದು ಹಾರಿ, ಕಂಬದ ಕೆಳಗೆ ನುಸುಳಿ, ಗೂಡಿನ ಕಡೆ ಓಡಿದೆ. “ಏ ಶರಣಮ್ಮಾ, ಕಣ್ಣು ಕಾಣಲ್ವಾ? ಎತ್ತು ಗೇಟ್ನ!”

ಅವಳು ಆಗಲೇ ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಿದ್ದಳು. ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸುತ್ತಿದ್ದಳು. ಮುಂದಿನ ಕಂಬ ನಿಧಾನವಾಗಿ ಮೇಲೇಳತೊಡಗಿತು. ನವನೀತ ಕೀ ತಿರುಗಿಸಿದ. ಎಂಜಿನ್ ನರಳಿತು, ಹತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದ, ಆಗಲೂ ಹತ್ತಲಿಲ್ಲ.

ಆಗ ನಾನು ಹಳಿಯ ಕಡೆ ನೋಡಿದೆ. ಉಡುಮಲೈ ಕಡೆಗೆ ತೆಂಗಿನ ತೋಪಿನ ಪಕ್ಕ ಹಳಿ ತಿರುಗುತ್ತದೆ. ಆ ತಿರುವಿನಲ್ಲಿ ರೈಲಿನ ದೀಪ ಕಾಣಿಸಿತು. ರೈಲಿನ ಡ್ರೈವರ್ ಹಾರ್ನ್ ಹೊಡೆದಿದ್ದನಂತೆ. ಪಡುವಣ ಗಾಳಿ ಆ ಸದ್ದನ್ನು ಅತ್ತಲೇ ತಳ್ಳಿಕೊಂಡು ಹೋಗಿತ್ತು, ನಮಗೆ ಏನೂ ಕೇಳಿಸಿರಲಿಲ್ಲ.

ಶರಣಮ್ಮನೂ ನೋಡಿದಳು. ಚಕ್ರವನ್ನು ಅಲ್ಲೇ ಬಿಟ್ಟಳು. ಬಾಗಿಲಲ್ಲಿದ್ದ ಕೆಂಪು ಬಾವುಟ ಕಿತ್ತುಕೊಂಡು, ಸೀದಾ ರೈಲಿಗೆ ಎದುರಾಗಿ ಹಳಿಯ ನಡುವೆ ಓಡಿದಳು. ಓಡುತ್ತಲೇ ಕತ್ತು ತಿರುಗಿಸಿ, ಹೊಟ್ಟೆಯೊಳಗಿನ ಉಸಿರನ್ನೆಲ್ಲ ಎಳೆದು ಕೂಗಿದಳು.

“ತಮ್ಮಾ, ಗಾಡಿ ಬಿಡೋ! ಗಾಡಿ ಬಿಡು!”

ನವನೀತ ತಲೆಯೆತ್ತಿದ. ಎದುರಿಗೆ ಕಂಬ ಅರ್ಧ ಎದ್ದಿತ್ತು. ದಾರಿ ತೆರೆದಿದೆ, ಗೇಟಿನವಳೇ ಬಿಡು ಅನ್ನುತ್ತಿದ್ದಾಳೆ. ನನ್ನ ಕಡೆ ನೋಡಿ ಆಯ್ತು ಎಂಬಂತೆ ತಲೆಯಾಡಿಸಿ ಮತ್ತೆ ಕೀಗೆ ಕೈ ಹಾಕಿದ. ನನ್ನ ಎದೆಯೂ ಒಂದು ಕ್ಷಣ ಹಗುರಾಯಿತು. ಹೌದು, ತೂರಿಕೊಂಡು ಹೋಗಿಬಿಡುತ್ತಾನೆ ಅನ್ನಿಸಿತು.

ಆಮೇಲೆ ನೆನಪಾಯಿತು. ಇಳದು ಹ್ವಾದ್ರ ಆತಲ್ಲ!

“ಎರಂಗುಡಾ! ಇಳಿ ಕಂದಾ, ಇಳಿದು ಓಡು!” ಎಂದು ಎರಡೂ ಭಾಷೆಯಲ್ಲಿ ಅರಚಿಕೊಂಡೆ. ಅಷ್ಟು ಹೊತ್ತಿಗೆ ಹಾರ್ನ್ ಸದ್ದು ಕಿವಿಗೆ ಬಡಿಯತೊಡಗಿತ್ತು. ಜಗಳದಲ್ಲಿ ಮೂರು ಬೀದಿಗೆ ಕೇಳಿಸುವ ನನ್ನ ಗಂಟಲು ಹೆತ್ತ ಮಗನಿಗೆ ಕೇಳಿಸಲಿಲ್ಲ. ಹಾಳಾದ ಎಂಜಿನ್ ಆಗಲೇ ಹತ್ತಬೇಕೇ? ಹತ್ತಿತು. ಗಾಡಿ ಒಂದು ನೆಗೆತ ನೆಗೆಯಿತು, ಮುಂದಿನ ಅರ್ಧ ಹಳಿ ದಾಟಿತು. ಹಿಂದಿನ ಅರ್ಧ ದಾಟಲಿಲ್ಲ.

ರೈಲು ನೂಲಿನ ಮೂಟೆಗಳಿಗೆ ಬಡಿಯಿತು. ಗಾಡಿ ಗಿರ್ರನೆ ತಿರುಗಿ, ಗೂಡಿನ ಪಕ್ಕದ ಹಳ್ಳಕ್ಕೆ ಅಡ್ಡ ಬಿತ್ತು. ಗಾಳಿಗೆ ಸಿಕ್ಕಿದ ಬಿಳಿ ನೂಲು ಬೇಲಿಗೆಲ್ಲ ಸುತ್ತಿಕೊಂಡಿತು. ರೈಲು ಕಿರ್ರೆನ್ನುತ್ತಾ ಸ್ವಲ್ಪ ದೂರ ಹೋಗಿ ನಿಂತಿತು.

ಶರಣಮ್ಮ ಬಾವುಟ ಹಿಡಿದುಕೊಂಡೇ ಓಡಿ ಬಂದಳು. ಹಳಿಯ ಪಕ್ಕದ ಜಲ್ಲಿಯ ಮೇಲೆ ಹಾರಿ ಬಿದ್ದು ಮೊಣಕೈ ಕಿತ್ತುಹೋಗಿತ್ತು. “ಇಳದಾನಿಲ್ರಿ? ಅಕ್ಕಾರ, ತಮ್ಮ ಇಳದಾನಿಲ್ರಿ?” ಎಂದು ಕೇಳುತ್ತಲೇ ಇದ್ದಳು. ನಾನು ಹಳ್ಳದ ಕಡೆ ಕೈ ತೋರಿಸಿದೆ. ಅವಳು ಅಲ್ಲೇ ಕುಸಿದು ಕೂತಳು.

ನವನೀತನನ್ನು ಕೊಯಮತ್ತೂರಿಗೆ ಒಯ್ದು, ಪೀಳಮೇಡಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಬಿಟ್ಟರು. ಸೊಂಟದ ಮೂಳೆ ಬಿರುಕು ಬಿಟ್ಟಿದೆ, ಕೂಡಿಕೊಳ್ಳುತ್ತದೆ ಎಂದರು. ಡಾಕ್ಟರಮ್ಮ ಒಳ್ಳೆಯವರು, ಕೂರಿಸಿಕೊಂಡು ಬಿಡಿಸಿ ಹೇಳಿದರು. ರೈಲು ಬಾಗಿಲಿಗೆ ಹೊಡೆಯದೆ ಮೂಟೆಗೆ ಹೊಡೆದದ್ದಕ್ಕೆ ಪೆಟ್ಟು ಅರ್ಧ ಅಲ್ಲೇ ಇಂಗಿತಂತೆ. ಬೆಲ್ಟ್ ಇಲ್ಲದಿದ್ದರೆ ಗಾಜು ಒಡೆದುಕೊಂಡು ಆಚೆ ಬೀಳುತ್ತಿದ್ದನಂತೆ.

“ಅದಕ್ಕಿಂತ ದೊಡ್ಡದು ರೈಲಿನ ವೇಗ, ಅಮ್ಮ. ಬ್ರೇಕ್ ಹಾಕಿ ವೇಗ ಇಳಿಸಿದ್ದರಂತೆ. ಬಂದ ವೇಗದಲ್ಲೇ ಹೊಡೆದಿದ್ದರೆ ಇಲ್ಲಿಯವರೆಗೆ ತರುವ ಕೆಲಸವೇ ಇರುತ್ತಿರಲಿಲ್ಲ,” ಎಂದರು.

ಬ್ರೇಕ್ ಯಾಕೆ ಹಾಕಿದರು ಎಂದು ಅವರು ಹೇಳಲಿಲ್ಲ. ಅದು ನನಗೆ ಗೊತ್ತಿತ್ತು.

ನವನೀತನಿಗೆ ಎಚ್ಚರ ಬಂದ ಮೇಲೆ ಪೊಲೀಸರು ಬಂದು ಕೇಳಿದರು. ಅವನು ತಮಿಳಿನಲ್ಲಿ ಸರಿಯಾಗಿಯೇ ಹೇಳಿದ: ಗೇಟಿನವಳು ‘ವಂಡಿಯ ವಿಡು’ ಅಂದಳು, ನಾನು ಓಡಿಸಿದೆ. ಮಾತು ಹರಡಿತು. ರೈಲು ಬರುತ್ತಿದ್ದಾಗ ಗಾಡಿ ಓಡಿಸು ಎಂದು ಹೇಳಿದ ಹೆಂಗಸು ಎಂದು ಊರೆಲ್ಲ ಶರಣಮ್ಮನಿಗೆ ಶಾಪ ಹಾಕಿತು. ಅವಳನ್ನು ಕೆಲಸದಿಂದ ಸದ್ಯಕ್ಕೆ ನಿಲ್ಲಿಸಿದರು. ಪೂರ್ತಿ ತೆಗೆಯುವುದೋ ಬೇಡವೋ ಎಂಬುದು ವಿಚಾರಣೆಯ ಮೇಲೆ ನಿಂತಿತು. ಹತ್ತಿರದಲ್ಲಿ ನಿಂತು ಕೇಳಿಸಿಕೊಂಡವಳು ನಾನೊಬ್ಬಳೇ.

ತಂಗವೇಲು ಸಾರ್ ಬರುವ ದಿನ ನನ್ನ ಭಾವ ದೊರೈಸಾಮಿ ಬೆಳಿಗ್ಗೆಯೇ ಬಂದು ಕೂತರು. ನನ್ನ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಅವರೇ ಹಿರಿಯರು.

“ರಾಮಾಯಿ, ಹುಡುಗ ಹೇಳಿದ್ದನ್ನೇ ನೀನೂ ಹೇಳು. ಸೈರನ್ ಕೂಗಿದ ಮೇಲೆ ನುಗ್ಗಿದ, ಬಿಟ್ಟು ಓಡು ಅಂದ್ರೂ ಕೇಳ್ದೆ ಓಡಿಸ್ದ ಅಂತ ಆದ್ರೆ ತಪ್ಪೆಲ್ಲ ಅವನ ತಲೆಗೇ. ಕಾಲೂ ಹೋಯ್ತು, ಇನ್ನು ಕೋರ್ಟಿಗೂ ಅಲೀಬೇಕಾ?”

“ಅವಳು ಓಡಿಸು ಅಂತ ಹೇಳ್ಲಿಲ್ಲ ಭಾವ.”

“ಬಿಡು ಅಂದ್ಳೋ ಇಲ್ವೋ?”

“ಅಂದ್ಳು.”

“ಮತ್ತೆ? ನಿನ್ನ ಯಾರು ಸುಳ್ಳು ಹೇಳು ಅಂದ್ರು? ಆ ಮಾತನ್ನೇ ಹೇಳು, ಸಾಕು.”

ನನ್ನನ್ನು ಸಿಕ್ಕಿಸಿದ್ದು ಇದೇ. ಸುಳ್ಳು ಹೇಳು ಅಂದಿದ್ದರೆ ಭಾವನೆಂದೂ ನೋಡದೆ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದೆ. ಅವರು ಹೇಳು ಅಂದದ್ದು ನಿಜವನ್ನೇ.

ಆಸ್ಪತ್ರೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಶರಣಮ್ಮ ಕೂತಿರುವುದು ಕಾಣಿಸಿತು. ಮೇಲೆ ಬರಲು ಅವಳಿಗೆ ಮುಖವಿರಲಿಲ್ಲ. ನಾನೇ ಇಳಿದು ಹೋದೆ. ಮೊಣಕೈಗೆ ಪಟ್ಟಿ ಕಟ್ಟಿದ್ದರು. ನನ್ನನ್ನು ನೋಡಿ ಎದ್ದು ನಿಂತಳು.

“ನಿನ್ನ ಬಾಯಿಗೆ ಬೇರೆ ಮಾತೇ ಸಿಗ್ಲಿಲ್ವಾಡೀ?” ಎಂದೆ. ಕೇಳಬೇಕೆಂದು ಹೋದವಳಲ್ಲ, ಅದೇ ಬಾಯಿಂದ ಬಂತು. ಆ ಗಳಿಗೆಯಲ್ಲಿ ಅವಳ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಅವಳ ಕೆನ್ನೆಗೆ ಹೊಡೆದುಬಿಡುತ್ತಿದ್ದೆನೋ ಏನೋ.

“ಅದನ್ನ ನಾನೂ ಕೇಳ್ಕೊಳಾಕತ್ತೀನ್ರಿ,” ಎಂದಳು. “ಓಡು ಅಂದಿದ್ರ ಸಾಕಾಗಿತ್ತು. ತಮಿಳಿಗೂ ಅದ ಅರ್ಥ, ಕನ್ನಡಕ್ಕೂ ಅದ ಅರ್ಥ. ಬಂದವ್ರಿಗೆಲ್ಲ ಹರಕು ತಮಿಳಿನ್ಯಾಗ ಒದರೂದು ನಾ. ಅವತ್ತ ಗಾಡ್ಯಾಗಿದ್ದವ ನಮ್ಮವ ಅಂತ ಕನ್ನಡದಾಗ ಒದರಿದೆ. ಬ್ಯಾರೆ ಯಾರರ ಆಗಿದ್ರ ಪೋಂಗ, ಪೋಂಗ ಅಂತಿದ್ದೆ, ಇಳದು ಓಡ್ತಿದ್ರೇನೋ.”

ನಾನು ಬೇವಿನ ಬುಡಕ್ಕೆ ಒರಗಿ ನಿಂತೆ.

“ನನ್ನ ಸಲವಾಗಿ ಏನೂ ಹೇಳಬ್ಯಾಡ್ರಿ ಅಕ್ಕಾರ. ನೀವು ತಾಯಿ ಅದೀರಿ,” ಎಂದಳು. ಅಷ್ಟರಲ್ಲಿ ಮೇಲಿನಿಂದ ಭಾವ ಕೂಗಿ ಕರೆದರು.

ತಂಗವೇಲು ಸಾರ್ ಮೊದಲು ಸಣ್ಣಪುಟ್ಟದ್ದು ಕೇಳಿದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತೇ, ಹಾರ್ನ್ ಕೇಳಿಸಿತೇ, ಹೊರೆ ಎಷ್ಟಿತ್ತು, ಬೆಲ್ಟ್ ಹಾಕಿದ್ದನೇ. ಎಲ್ಲಕ್ಕೂ ಹೇಳಿದೆ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಆ ಪ್ರಶ್ನೆ ಕೇಳಿದರು.

“ವಂಡಿಯ ವಿಡುನ್ನು ಅಂದಮ್ಮಾ ಸೊನ್ನಾಂಗಳಾ, ಇಲ್ಲಿಯಾ?”

ಗಾಡಿ ಓಡಿಸು ಎಂದು ಆಕೆ ಹೇಳಿದಳೋ ಇಲ್ಲವೋ. ತಮಿಳಿನಲ್ಲಿ ಅದಕ್ಕೆ ಬೇರೆ ಅರ್ಥವೇ ಇಲ್ಲ.

ಭಾವ ನನ್ನನ್ನೇ ನೋಡುತ್ತಿದ್ದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ನವನೀತನ ಮುಖ ಕಾಣಿಸುತ್ತಿತ್ತು, ಅವನು ಕಿವಿ ಕೊಟ್ಟು ಮಲಗಿದ್ದ. ಹೊದಿಕೆಯ ಕೆಳಗೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಬಟ್ಟೆ ಮಂಚಕ್ಕೆ ಅಂಟಿಕೊಂಡಿತ್ತು. ಹೌದು ಅಂದುಬಿಡು, ನೀನು ಹೆತ್ತವಳು, ಯಾವ ದೇವರೂ ತಪ್ಪೆನ್ನುವುದಿಲ್ಲ ಎಂದುಕೊಂಡೆ. ಹಾಗೆಂದುಕೊಂಡಾಗಲೇ ಕೆಂಪು ಬಾವುಟ ಹಿಡಿದು ರೈಲಿಗೆ ಎದುರಾಗಿ ಓಡಿದ ಆ ಬೆನ್ನು ಕಣ್ಣ ಮುಂದೆ ಬಂತು. ಅವಳೂ ಯಾರೋ ಹೆತ್ತ ಮಗಳೇ. ಅವಳು ಓಡದೆ ಹೋಗಿದ್ದರೆ ಈ ಮಂಚದ ಮೇಲೆ ನೋಡಲು ನನಗೆ ಏನೂ ಇರುತ್ತಿರಲಿಲ್ಲ.

“ಇಲ್ಲ ಸಾರ್,” ಎಂದೆ.

“ನಿಮ್ಮ ಮಗ ಹೌದು ಅಂತಾರಲ್ಲ?”

“ಅವನು ಸುಳ್ಳು ಹೇಳ್ತಿಲ್ಲ. ಅವಳು ಹೇಳಿದ್ದು ಕನ್ನಡ. ‘ಗಾಡಿ ಬಿಡು’ ಅಂದ್ಳು. ನಮ್ಮನೆ ಕನ್ನಡದಲ್ಲಿ ಅದಕ್ಕೆ ಓಡಿಸು ಅಂತ. ಅವಳೂರಿನ ಕನ್ನಡದಲ್ಲಿ ಬಿಟ್ಟು ಓಡು ಅಂತ. ಅವಳು ಅವಳೂರಿನ ಮಾತು ಹೇಳಿದ್ಳು, ಇವನು ನಮ್ಮನೆ ಮಾತು ಕೇಳಿಸ್ಕೊಂಡ.” ಇಷ್ಟನ್ನೂ ತಮಿಳಿನಲ್ಲಿ ಹೇಳುವಷ್ಟರಲ್ಲಿ ಬೆವೆತುಹೋದೆ. “ರೈಲು ನಿಲ್ಲಿಸೋಕೆ ಎದುರಿಗೇ ಓಡಿದವಳು ಇವನನ್ನ ಗಾಡಿಯೊಳಗೇ ಕೂತು ಓಡಿಸು ಅಂತಾಳಾ? ನೀವೇ ಹೇಳಿ ಸಾರ್.”

ಅವರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಕೇಳಿದರು, “ಸೈರನ್ ಕೂಗಿದ ಮೇಲೆ ಒಳಗೆ ಬಂದಿರಾ, ಮೊದಲೇ ಬಂದಿರಾ?”

ಒಂದು ನಿಜ ಹೇಳಿದರೆ ಸಾಕು ಎಂದುಕೊಂಡಿದ್ದೆ. ಅದರ ಬೆನ್ನಿಗೇ ಇನ್ನೊಂದು ಬಂದು ನಿಂತಿತು.

“ಕೂಗಿದ ಮೇಲೆ,” ಎಂದೆ.

ಭಾವ ಮೇಲುವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. “ಚೆನ್ನಾಗಿ ಕಾಪಾಡ್ದೆ ನಿನ್ನ ಮಗನ್ನ,” ಎಂದು ಹೇಳಿ ಮೆಟ್ಟಿಲಿಳಿದು ಹೋಗಿಬಿಟ್ಟರು. ತಂಗವೇಲು ಸಾರ್ ಬರೆದುಕೊಂಡದ್ದನ್ನು ಓದಿ ಹೇಳಿದರು. ನಾನು ಸಹಿ ಹಾಕಿದೆ.

ಪೆನ್ನು ವಾಪಸು ಕೊಟ್ಟು ಒಳಗೆ ಹೋದೆ. ನವನೀತ ಚಾವಣಿ ನೋಡುತ್ತಿದ್ದ. ಸ್ಟೂಲು ಎಳೆದುಕೊಂಡು ಕೂತು ಅವನ ಕೈ ಹಿಡಿದುಕೊಂಡೆ.

“ಎಲ್ಲಾ ಕೇಳಿಸ್ತು,” ಎಂದ.

“ನೀನು ಸುಳ್ಳು ಹೇಳಿಲ್ಲ ಅಂತಾನೂ ಹೇಳ್ದೆ ಕಂದ.”

“ಅವಳನ್ನ ಹಿಡ್ಕೊಂಡೆ. ನನ್ನ ಬಿಟ್ಬಿಟ್ಟೆ.” ಅಪ್ಪ ಸತ್ತಾಗಲೂ ಅಳದ ಹುಡುಗ ಅಳುತ್ತಿದ್ದ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಕೈ ಎಳೆದುಕೊಳ್ಳಲು ನೋಡಿದ, ಅವನಿಗೆ ಅಷ್ಟು ಶಕ್ತಿಯಿರಲಿಲ್ಲ.

“ಬಿಡವ್ವ,” ಎಂದ. “ಕೈ ಬಿಡು.”

ಈ ಮಾತಿಗೆ ನಮ್ಮ ಮನೆಯಲ್ಲೂ ಒಂದೇ ಅರ್ಥ, ಶರಣಮ್ಮನ ಊರಿನಲ್ಲೂ ಒಂದೇ ಅರ್ಥ. ನನಗೆ ಚೆನ್ನಾಗಿಯೇ ತಿಳಿಯಿತು. ಆದರೂ ನಾನು ಬಿಡಲಿಲ್ಲ.